ಕಂದಾಯದ ಲೆಕ್ಕದಲ್ಲಿ ಮಳೆಯ ಲೆಕ್ಕ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೋಬಳಿಯ ಕುದಾಪುರ ಈಗ ವಿಜ್ಞಾನದ ಊರು. ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲಿನಲ್ಲಿ ಸುಮಾರು 1,500 ಎಕರೆಯನ್ನು ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಎರಡನೆಯ ಆವರಣವನ್ನು ಕಟ್ಟಿಕೊಂಡಿದೆ. ಅಲ್ಲಿ ಹವಾಮಾನ ವೀಕ್ಷಣಾಲಯವೊಂದೂ ಇದೆ. ಬಿಸಿಲಿನ ಪ್ರಖರತೆ, ಗಾಳಿಯಲ್ಲಿ ತೇಲುವ ದೂಳಿನ ಕಣ, ಅವು ನೆಲದಿಂದ ಎಷ್ಟು ಎತ್ತರಕ್ಕೆ ಏರುತ್ತವೆ ಎಂಬುದನ್ನೆಲ್ಲ ಯಂತ್ರಗಳು ಬಿಡುವಿಲ್ಲದೆ ಅಳೆಯುತ್ತವೆ. ಬರುವ ದಶಕಗಳ ಮಟ್ಟಿಗೆ ಈ ಸೀಮೆಯ ಹವೆಯ ಚರಿತ್ರೆ ಇಷ್ಟು ನಿಖರವಾಗಿ ದಾಖಲಾಗುವುದು ಸಂತೋಷದ ಸಂಗತಿಯೇ. ಆದರೆ ಯಂತ್ರ ಹಿಂದಕ್ಕೆ ತಿರುಗಿ ನೋಡಲಾರದು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮೈಸೂರು ಸೀಮೆಯ ಒಳನಾಡಿನ ತಾಲ್ಲೂಕುಗಳಲ್ಲಿ ನಂಬಿಕೆಗೆ ಅರ್ಹವಾದ ಮಳೆಮಾಪಕದ ಲೆಕ್ಕ ಸಿಗುವುದೂ ಹೆಚ್ಚುಕಡಿಮೆ ಆ ಕಾಲದಿಂದ ಈಚೆಗೆ. ಅಂದರೆ ನೂರೈವತ್ತು ವರ್ಷ. ಒಂದು ತಲೆಮಾರಿನಲ್ಲಿ ಒಮ್ಮೆಯೋ ಎರಡು ಸಲವೋ ಬರುವ ದೊಡ್ಡ ಬರದ ಸ್ವಭಾವವನ್ನು ತಿಳಿಯಲು ನೂರೈವತ್ತು ವರ್ಷ ಸಾಲದು. ಅಷ್ಟರಲ್ಲಿ ಅಂಥ ಘಟನೆ ಸಿಗುವುದೇ ಬೆರಳೆಣಿಕೆಯಷ್ಟು. ಅದಕ್ಕೂ ಹಿಂದಿನ ಮಳೆಯನ್ನು ತಿಳಿಯಬೇಕಾದರೆ ಮಳೆಯನ್ನು ಅಳೆಯದ ಜನ ಬರೆದಿಟ್ಟುಹೋದ ಕಾಗದ, ಕಡತ, ಶಾಸನಗಳನ್ನೇ ಕೇಳಬೇಕು.

ಕೇಳಬಹುದೇ? ಕೇಳಬಹುದು, ಆದರೆ ಒಂದು ಎಚ್ಚರಿಕೆಯ ಜೊತೆಗೆ ಎನ್ನುವುದು ಈ ಬರಹದ ವಾದ. ಹಳೆಯ ದಾಖಲೆಗಳಲ್ಲಿ ಮಳೆ ಇರುವುದಿಲ್ಲ, ಮಳೆಯಿಂದ ಯಾರಿಗೆ ಏನು ತೊಂದರೆಯಾಯಿತು ಎಂಬುದಿರುತ್ತದೆ. ಶಾನುಭೋಗನಿಗೆ ಕಂದಾಯದ ಚಿಂತೆ, ದಂಡಿನವನಿಗೆ ದನದ ಮೇವಿನ ಚಿಂತೆ, ದಾನಿಗೆ ಕೆರೆಯ ಏರಿಯ ಚಿಂತೆ, ಪಾದ್ರಿಗೆ ತನ್ನ ಶಾಲೆಯ ಮಕ್ಕಳ ಚಿಂತೆ. ಇವರಲ್ಲಿ ಯಾರೂ ಹವಾಮಾನದ ಬಗ್ಗೆ ಬರೆಯಲು ಕುಳಿತವರಲ್ಲ. ಆದ್ದರಿಂದ ‘ಬರ ಬಂತು’ ಎಂದು ಬರೆದ ಸಾಲನ್ನು ‘ಮಳೆ ಬರಲಿಲ್ಲ’ ಎಂದು ಓದಿಕೊಳ್ಳುವುದು ಮೊದಲ ತಪ್ಪು. ಬರೆದವನ ಚಿಂತೆ ಯಾವುದು, ಅದು ಮಳೆಗೆ ಎಷ್ಟು ಹತ್ತಿರ, ನಡುವೆ ಇನ್ನೇನೇನು ಸೇರಿಕೊಂಡಿದೆ ಎಂದು ಬಿಡಿಸಿ ನೋಡಿದರೆ ಮಾತ್ರ ಅದೇ ಸಾಲು ಮಳೆಮಾಪಕದ ಕೆಲಸ ಮಾಡುತ್ತದೆ. ಈ ಬಿಡಿಸುವ ಕೆಲಸಕ್ಕೆ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಕರ್ನಾಟಕದಲ್ಲೇ ಒಳ್ಳೆಯ ಜಾಗ. ಮಳೆಯ ಕೊರತೆ ಇಲ್ಲಿ ಯಾವ ಕಾಲಕ್ಕೂ ಹೊಸದಲ್ಲ. ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಪಟ್ಟಿಯಲ್ಲಿ ಚಳ್ಳಕೆರೆಯ ಹೆಸರು ಇದ್ದೇ ಇರುತ್ತದೆ. ಇಂಥ ಕಡೆ ಒಂದೆರಡು ಹದ ಮಳೆ ತಪ್ಪಿದರೂ ಕಾಗದದಲ್ಲಿ ಗುರುತು ಉಳಿಯುತ್ತದೆ. ಮಲೆನಾಡಿನಲ್ಲಿ ಅಷ್ಟೇ ಮಳೆ ತಪ್ಪಿದರೆ ಯಾರೂ ಲೇಖನಿ ಎತ್ತಿಕೊಳ್ಳುವುದಿಲ್ಲ.

ಇದು ಹೊಸ ವಿದ್ಯೆಯೇನೂ ಅಲ್ಲ. ಚೀನಾದ ವಿಜ್ಞಾನಿಗಳು ತಮ್ಮ ಜಿಲ್ಲೆ ಜಿಲ್ಲೆಗಳ ಸ್ಥಳೀಯ ಚರಿತ್ರೆಗಳನ್ನು ಜಾಲಾಡಿ, 1470ರಿಂದ ಹಿಡಿದು ಪ್ರತಿ ವರ್ಷಕ್ಕೂ ಅತಿವೃಷ್ಟಿಯಿಂದ ಅನಾವೃಷ್ಟಿಯವರೆಗೆ ಐದು ದರ್ಜೆಗಳಲ್ಲಿ ಅಂಕ ಕೊಟ್ಟು, 120 ಸ್ಥಳಗಳ ನಕ್ಷೆಗಳನ್ನು 1981ರಲ್ಲಿ ಪ್ರಕಟಿಸಿದರು. ಜಪಾನಿನ ಕ್ಯೋಟೊದಲ್ಲಿ ಅರಮನೆಯವರು ಚೆರಿ ಹೂವಿನ ಉತ್ಸವ ನಡೆಸಿದ ದಿನಗಳು ಒಂಬತ್ತನೆಯ ಶತಮಾನದಿಂದ ಸಿಗುತ್ತವೆ. ಹೂವು ಬೇಗ ಅರಳಿದರೆ ವಸಂತ ಬೆಚ್ಚಗಿತ್ತು ಎಂದರ್ಥ. ನಮ್ಮ ಪಶ್ಚಿಮ ಭಾರತದ ಮಟ್ಟಿಗೆ ಜಾರ್ಜ್ ಆಡಮ್ಸನ್ ಮತ್ತು ಡೇವಿಡ್ ನ್ಯಾಶ್ ಎಂಬ ಸಂಶೋಧಕರು ಪತ್ರ, ದಿನಚರಿ, ಪತ್ರಿಕೆ, ಸರ್ಕಾರಿ ದಾಖಲೆಗಳನ್ನು ಕಲೆಹಾಕಿ 1781ರಿಂದ 1860ರವರೆಗಿನ ಮುಂಗಾರನ್ನು ವರ್ಷವಾರು ಮರಳಿ ಕಟ್ಟಿದ್ದಾರೆ. ಮದರಾಸಿನ ಕೋಟೆಯ ದಾಖಲೆಗಳಿಂದ ಹದಿನೆಂಟನೆಯ ಶತಮಾನದ ಅಲ್ಲಿನ ಹವೆಯನ್ನು ತಿಳಿಯುವ ಪ್ರಯತ್ನವೂ ಆಗಿದೆ. ಹೀಗೆ ಪಡುವಣ ಕರಾವಳಿ, ಮೂಡಣ ಕರಾವಳಿ ಎರಡಕ್ಕೂ ಒಂದಿಷ್ಟು ಲೆಕ್ಕ ಸಿಕ್ಕಿತು. ನಡುವಿನ ಬಯಲುಸೀಮೆ ಮಾತ್ರ ಕೈಬಿಟ್ಟುಹೋಯಿತು. ಮುಂಗಾರಿನ ಮೋಡ ಘಟ್ಟದಲ್ಲಿ ಬರಿದಾದ ಮೇಲೆ ಉಳಿದದ್ದು, ಹಿಂಗಾರಿನ ಮೋಡ ಇಲ್ಲಿಯವರೆಗೆ ಹೊತ್ತು ತಂದದ್ದು, ಇವೆರಡರ ಅಂಚಿನಲ್ಲಿ ಬದುಕುವ ಸೀಮೆ ಇದು. ಮುಂಬಯಿಯ ಲೆಕ್ಕವನ್ನಾಗಲಿ ಮದರಾಸಿನ ಲೆಕ್ಕವನ್ನಾಗಲಿ ತಂದು ಇಲ್ಲಿಗೆ ಹೊಂದಿಸಲು ಬರುವುದಿಲ್ಲ.

ಬರ ಬೇರೆ, ಮಳೆಯ ಕೊರತೆ ಬೇರೆ ಎಂಬುದನ್ನು ಕಲಿಸಲು 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರಕ್ಕಿಂತ ದೊಡ್ಡ ಪಾಠ ನಮ್ಮಲ್ಲಿ ಇಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಈ ಎಂಟೂವರೆ ಲಕ್ಷಕ್ಕೂ ಮೀರಿದ ನಷ್ಟವನ್ನು ನೇರವಾಗಿ ಮಳೆಯ ಕೊರತೆಯ ಅಳತೆ ಎಂದು ತೆಗೆದುಕೊಂಡರೆ ಅಂಥ ಬರಗಾಲ ಸಾವಿರ ವರ್ಷಕ್ಕೊಮ್ಮೆಯೂ ಬಂದಿರಲಾರದು ಎನಿಸುತ್ತದೆ. ನಿಜಕ್ಕೂ ನಡೆದದ್ದು ಬೇರೆ ಬೇರೆ ಮೆಟ್ಟಿಲುಗಳಲ್ಲಿ. 1876ರಲ್ಲಿ ದಕ್ಷಿಣದ ಒಳನಾಡಿಗೆ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು, ಅದು ಮಳೆ. ರಾಗಿ, ನವಣೆ ಒಣಗಿದವು, ಅದು ಬೆಳೆ. ಧಾನ್ಯದ ದರ ಕೂಲಿಯವನ ಕೈಗೆ ಎಟುಕದಷ್ಟು ಏರಿತು, ಅದು ಪೇಟೆ. ಸರ್ಕಾರ ವ್ಯಾಪಾರದಲ್ಲಿ ಕೈಹಾಕುವುದಿಲ್ಲ ಎಂದು ಕುಳಿತಿತು, ಪರಿಹಾರ ಕಾಮಗಾರಿಯ ಕೂಲಿಯನ್ನು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಹೊಟ್ಟೆಗೂ ಸಾಲದಷ್ಟು ಇಳಿಸಿದ, ಅದು ಆಡಳಿತ. ಕೊನೆಗೆ ಕಾಲರಾ, ಸಿಡುಬು, ಜ್ವರ, ಅದು ಸಾವು. ಮಳೆಯಿಂದ ಸಾವಿನವರೆಗೆ ಐದು ಮೆಟ್ಟಿಲು. ಕೆಳಗಿಳಿದಷ್ಟೂ ಮಳೆಯ ಪಾಲು ಕಡಿಮೆ, ಮನುಷ್ಯರ ಪಾಲು ಹೆಚ್ಚು. ಹಳೆಯ ದಾಖಲೆಯೊಂದು ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಅದು ಯಾವ ಮೆಟ್ಟಿಲಿನಲ್ಲಿ ನಿಂತು ಮಾತಾಡುತ್ತಿದೆ ಎಂಬುದು. ಬಿತ್ತನೆ ತಡವಾಯಿತು ಎಂಬ ಶಾನುಭೋಗನ ಒಣ ಸಾಲು, ಹಾದಿಯುದ್ದಕ್ಕೂ ಹೆಣ ಬಿದ್ದಿವೆ ಎಂಬ ಕರುಳು ಹಿಂಡುವ ಪುಟಕ್ಕಿಂತ ಮಳೆಯ ಬಗ್ಗೆ ಹೆಚ್ಚು ಹೇಳುತ್ತದೆ. ಚರಿತ್ರೆಕಾರನಿಗೆ ಎರಡನೆಯದು ಮುಖ್ಯವಾಗಬಹುದು. ಹವಾಮಾನ ಹುಡುಕುವವನಿಗೆ ಮೊದಲನೆಯದೇ ಬಂಗಾರ.

ಚಳ್ಳಕೆರೆ ತಾಲ್ಲೂಕಿನಲ್ಲೇ ಇದಕ್ಕೆ ಇನ್ನೂ ಹಳೆಯ ಉದಾಹರಣೆಯಿದೆ. 1695ರಲ್ಲಿ ದೊಡ್ಡೇರಿಯ ಬಳಿ ಮರಾಠರ ಸಂತಾಜಿ ಘೋರ್ಪಡೆ ಔರಂಗಜೇಬನ ಸೇನಾನಿ ಕಾಸಿಂ ಖಾನನ ದಂಡನ್ನು ಅಲ್ಲಿನ ಸಣ್ಣ ಕೋಟೆಯೊಳಗೆ ಸಿಕ್ಕಿಸಿಹಾಕಿದ. ಒಳಗಿದ್ದವರಿಗೆ ಅನ್ನವಿಲ್ಲ, ಕುದುರೆ ಒಂಟೆಗಳು ಗುಡಿಸಲಿನ ಚಾವಣಿಯ ಹುಲ್ಲನ್ನೇ ಮೆಲ್ಲುವ ಸ್ಥಿತಿ ಬಂತು. ಕಾಸಿಂ ಖಾನ್ ಅಲ್ಲೇ ಸತ್ತ. ಈ ಹಸಿವಿನ ವರ್ಣನೆಯನ್ನು ಸಂದರ್ಭ ಬಿಟ್ಟು ಓದಿದವರು 1695ನ್ನು ಬರದ ವರ್ಷದ ಪಟ್ಟಿಗೆ ಸೇರಿಸಿಬಿಡಬಹುದು. ಅಲ್ಲಿ ಮೇವು ಮುಗಿದದ್ದು ಮುತ್ತಿಗೆಯಿಂದ. ಇನ್ನೂ ತೊಡಕಿನದು 1789ರಿಂದ 92ರವರೆಗಿನ ಕಾಲ. ಹೆಣ ಹೂಳುವವರಿಲ್ಲದೆ ಬಯಲಲ್ಲಿ ತಲೆಬುರುಡೆಗಳು ಬಿದ್ದಿದ್ದವೆಂಬ ನೆನಪಿನಲ್ಲಿ ಉತ್ತರ ಕರ್ನಾಟಕದ ಜನ ಇದನ್ನು ಡೋಗಿ ಬರ ಎಂದು ಕರೆದರು. ಅದೇ ವರ್ಷಗಳಲ್ಲಿ ಟಿಪ್ಪುವಿನ ವಿರುದ್ಧ ಇಂಗ್ಲಿಷರು, ಮರಾಠರು, ನಿಜಾಮ ಸೇರಿ ಮೂರನೆಯ ಮೈಸೂರು ಯುದ್ಧ ಹೂಡಿದ್ದರು, ಮರಾಠರ ಪರಶುರಾಮ ಭಾವುವಿನ ದಂಡು ಚಿತ್ರದುರ್ಗದ ಸೀಮೆಯನ್ನು ತುಳಿದುಹಾಕಿತ್ತು. ದಂಡು ಹಾದುಹೋದ ಊರಲ್ಲಿ ಕಣಜವೂ ಉಳಿಯದು, ಉಳುವ ಎತ್ತೂ ಉಳಿಯದು. 1801ರಲ್ಲಿ ಇಂಗ್ಲಿಷರ ಪರವಾಗಿ ಸೀಮೆ ಸುತ್ತುತ್ತಿದ್ದ ಫ್ರಾನ್ಸಿಸ್ ಬುಕಾನನ್ ಹಿರಿಯೂರಿನ ಕಡೆ ಬಂದಾಗ ಕಂಡ ಹಾಳುಬಿದ್ದ ಊರುಗಳಿಗೆ ಮಳೆ ಎಷ್ಟು ಕಾರಣ, ದಂಡು ಎಷ್ಟು ಕಾರಣ? ಆ ದಾಖಲೆಯೊಂದನ್ನೇ ಹಿಡಿದು ಕುಳಿತರೆ ಉತ್ತರ ಸಿಗುವುದಿಲ್ಲ.

ಉತ್ತರ ಸಿಗುವುದು ಯುದ್ಧ ಮುಟ್ಟದ ಕಡೆಯ ಸಾಕ್ಷ್ಯ ಸಿಕ್ಕಾಗ. ಆಗ ಗೋದಾವರಿಯ ಕಡೆಯ ಸಾಮರ್ಲಕೋಟದಲ್ಲಿದ್ದ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್ ಅದೇ ವರ್ಷಗಳಲ್ಲಿ ಮಳೆ ಸತತವಾಗಿ ತಪ್ಪಿದ್ದನ್ನು ಬರೆದಿಟ್ಟ. ಟಿಪ್ಪುವಿನ ಯುದ್ಧ ಅತ್ತ ಕಡೆ ಇರಲಿಲ್ಲ. ಆ ಟಿಪ್ಪಣಿಗಳನ್ನೂ ಲೋಕದ ಬೇರೆ ಬೇರೆ ಮೂಲೆಗಳ ದಾಖಲೆಗಳನ್ನೂ ಜೋಡಿಸಿ ರಿಚರ್ಡ್ ಗ್ರೋವ್ ಎಂಬ ಚರಿತ್ರೆಕಾರ, 1789ರಿಂದ 93ರವರೆಗೆ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ಬಲವಾಗಿತ್ತೆಂದು 1998ರಲ್ಲಿ ತೋರಿಸಿದ. ಏಷ್ಯಾದ ಮರಗಳ ವರ್ಷವರ್ಷದ ಉಂಗುರಗಳಿಂದ 2010ರಲ್ಲಿ ಸಿದ್ಧವಾದ ಬರದ ನಕ್ಷೆಯೂ ಆ ದಶಕದ ಒಣಗಾಲವನ್ನು ಬೇರೆಯೇ ದಾರಿಯಿಂದ ಕಂಡುಕೊಂಡಿದೆ. ಹಾಗಾಗಿ ಡೋಗಿ ಬರದಲ್ಲಿ ದಂಡಿನ ಪಾಲು ಎಷ್ಟೇ ಇರಲಿ, ಮಳೆಯೂ ತಪ್ಪಿತ್ತೆಂದು ಧೈರ್ಯವಾಗಿ ಹೇಳಬಹುದು. ಸಂಬಂಧವಿಲ್ಲದ ಎರಡು ಮೂರು ಬಾಯಿಂದ ಒಂದೇ ಮಾತು ಬಂದರೆ ನಂಬುವುದು ನ್ಯಾಯಾಲಯದ ಪದ್ಧತಿ. ಇಲ್ಲಿಯೂ ಅದೇ.

ಕಾಲಗಣನೆಯ ವಿಷಯದಲ್ಲಿ ನಮ್ಮ ದಾಖಲೆಗಳಿಗೆ ಒಂದು ಲಾಭವಿದೆ, ಒಂದು ಅಪಾಯವಿದೆ. ಅಪಾಯ ಸಂವತ್ಸರದ್ದು. ‘ಧಾತು ಸಂವತ್ಸರದಲ್ಲಿ ಬರ ಬಿದ್ದು’ ಎಂದು ಶಕವರ್ಷವಿಲ್ಲದೆ ಬರೆದ ಸಾಲು 1876 ಆಗಬಹುದು, 1816 ಆಗಬಹುದು, 1756 ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಸುತ್ತಿ ಬರುತ್ತದೆ. ಶಾಸನಗಳಲ್ಲಿ ಶಕವರ್ಷ, ತಿಥಿ, ವಾರ, ಕೆಲವೊಮ್ಮೆ ಗ್ರಹಣ ಕೂಡ ಇರುವುದರಿಂದ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕ ಹಿಡಿದು ದಿನವನ್ನೇ ಗೊತ್ತುಮಾಡಬಹುದು. ಊರಿನ ನೆನಪಿನಿಂದ ಬರೆಸಿದ ಕೈಫಿಯತ್ತುಗಳಲ್ಲಿ ಈ ಅನುಕೂಲ ಕಡಿಮೆ. ಮೈಸೂರಿನ ಸರ್ವೆ ನಡೆಸಿದ ಕರ್ನಲ್ ಮೆಕೆಂಜಿ ಊರೂರಿನಿಂದ ಬರೆಸಿಕೊಂಡ ಇವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದೆ. ಲಾಭ ಇರುವುದು ಮಳೆ ನಕ್ಷತ್ರಗಳಲ್ಲಿ. ರೈತ ಆರಿದ್ರಾ, ಹುಬ್ಬೆ, ಉತ್ತರೆ, ಹಸ್ತಾ ಎಂದು ಹೇಳುವುದು ಚಂದ್ರನ ನಕ್ಷತ್ರವಲ್ಲ, ಸೂರ್ಯನದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಅಧಿಕಮಾಸದ ಗೊಡವೆ ಇದಕ್ಕಿಲ್ಲ. ಆದ್ದರಿಂದ ‘ಹಸ್ತಾ ಮಳೆ ಆಗಲಿಲ್ಲ’ ಎಂಬ ಮೂರು ಪದದಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಹತ್ತರ ಸುಮಾರಿನವರೆಗಿನ ಒಂದು ಪಕ್ಷದ ಹವಾಮಾನ ವರದಿ ಅಡಗಿದೆ. ಯುರೋಪಿನ ಎಷ್ಟೋ ಮಠಗಳ ದಿನಚರಿಯಲ್ಲಿ ‘ಈ ವರ್ಷ ಬೇಸಿಗೆ ಒಣಗಿತ್ತು’ ಎಂಬುದಕ್ಕಿಂತ ಹೆಚ್ಚಿಗೆ ಸಿಗುವುದಿಲ್ಲ. ಒಂದು ತಿದ್ದುಪಡಿ ಮಾತ್ರ ಬೇಕು. ನಮ್ಮ ಪಂಚಾಂಗದ ಸೌರವರ್ಷ ಕ್ಯಾಲೆಂಡರ್ ವರ್ಷಕ್ಕಿಂತ ಕೂದಲೆಳೆಯಷ್ಟು ಉದ್ದ, ಅರವತ್ತು ಎಪ್ಪತ್ತು ವರ್ಷಕ್ಕೆ ಒಂದು ದಿನ ಜಾರುತ್ತದೆ. ಈಗ ಜೂನ್ 21–22ರ ಸುಮಾರಿಗೆ ಹುಟ್ಟುವ ಆರಿದ್ರಾ ಮುನ್ನೂರು ವರ್ಷದ ಹಿಂದೆ ನಾಲ್ಕೈದು ದಿನ ಮೊದಲೇ ಹುಟ್ಟುತ್ತಿತ್ತು. ಮಳೆ ಹಿಡಿಯುವ ಕಾಲ ಮುಂದೆ ಹೋಯಿತೇ ಹಿಂದೆ ಬಂತೇ ಎಂದು ತೀರ್ಮಾನಿಸುವ ಮೊದಲು ಈ ನಾಲ್ಕೈದು ದಿನವನ್ನು ಕಳೆಯದಿದ್ದರೆ ಪಂಚಾಂಗದ ಜಾರಿಕೆಯೇ ಹವಾಮಾನ ಬದಲಾವಣೆಯಂತೆ ಕಂಡೀತು.

ಈ ಸೀಮೆಯ ಶಾಸನಗಳಿಂದ ಏನು ಸಿಗುತ್ತದೆ? ಆಸೆ ಪಟ್ಟಷ್ಟು ಸಿಗುವುದಿಲ್ಲ. ಕರ್ನಾಟಕದ ಅತಿ ಹಳೆಯ ಬರಹಗಳಲ್ಲಿ ಮೂರು ಮೊಳಕಾಲ್ಮುರು ತಾಲ್ಲೂಕಿನಲ್ಲೇ ಇವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅವುಗಳಲ್ಲಿ ಧರ್ಮದ ಮಾತಿದೆ, ಮಳೆಯ ಮಾತಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆ ಶಾಸನ ಕೆರೆಯೊಂದನ್ನು ಕಟ್ಟಿಸಿದ್ದನ್ನು ಹೇಳುತ್ತದೆ. ನಾಲ್ಕನೆಯ ಶತಮಾನದಲ್ಲೇ ಇಲ್ಲಿ ಹರಿಯುವ ನೀರನ್ನು ತಡೆದು ನಿಲ್ಲಿಸಬೇಕಾಗಿತ್ತು ಎಂಬುದಷ್ಟೇ ಅದರಿಂದ ಖಚಿತ. ಮುಂದೆ ವಿಜಯನಗರದ ಕಾಲಕ್ಕೆ ಬಂದರೆ ಕೆರೆ ಕಟ್ಟಿಸಿದ, ಏರಿ ರಿಪೇರಿ ಮಾಡಿಸಿದ, ಅದಕ್ಕಾಗಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂದು ಭೂಮಿ ಬಿಟ್ಟ ಶಾಸನಗಳು ಸಾಲುಗಟ್ಟುತ್ತವೆ. ಇವನ್ನು ಎಣಿಸಿ, ಕೆರೆ ಹೆಚ್ಚು ಕಟ್ಟಿದ ಕಾಲವೇ ಮಳೆ ಕಡಿಮೆಯಾದ ಕಾಲ ಎನ್ನುವ ವಾದ ಆಗಾಗ ಕೇಳಿಬರುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಕೆರೆ ಕಟ್ಟಲು ಹಣ ಬೇಕು, ಜನ ಬೇಕು, ಶಾಂತಿ ಬೇಕು. ಘೋರ ಬರದಲ್ಲಿ ಈ ಮೂರೂ ಇರುವುದಿಲ್ಲ. ಕೆರೆಗಳ ಸಂಖ್ಯೆ ಆಳುವವರ ಬಲದ ಅಳತೆಯೇ ಹೊರತು ಮಳೆಯ ಅಳತೆಯಲ್ಲ. ಕುದಾಪುರಕ್ಕೆ ಹತ್ತಿರದ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ ದುಡಿದವರಿಗೆ ದುಡಿದಷ್ಟೇ ಕೂಲಿ ಸಿಗುವಂತೆ ಮಾಡಿದರೆಂಬ ಐತಿಹ್ಯವಿದೆ. ಅದನ್ನು ಬರಗಾಲದ ಕಾಮಗಾರಿಯ ನೆನಪೆಂದು ಓದಲು ಮನಸ್ಸಾಗುತ್ತದೆ, ಆದರೆ ವರ್ಷವಿಲ್ಲದ ಐತಿಹ್ಯಕ್ಕೆ ಹವಾಮಾನದ ಪಟ್ಟಿಯಲ್ಲಿ ಜಾಗವಿಲ್ಲ. ಶಾಸನಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಕೆರೆ ಒಡೆದ ಸುದ್ದಿ. ಏರಿ ಒಡೆಯಲು ಒಂದೇ ಬಾರಿಗೆ ಭಾರಿ ಮಳೆ ಸುರಿಯಬೇಕು. ಅಲ್ಲಿಯೂ ‘ನೋಡಿಕೊಳ್ಳುವವರಿಲ್ಲದೆ ಶಿಥಿಲವಾಗಿ’ ಎಂದಿದ್ದರೆ ಕೈಬಿಡಬೇಕು.

ಹೀಗಾಗಿ ನನ್ನ ಭರವಸೆ ಇರುವುದು ಅಪರೂಪದ ಘಟನೆ ಹೇಳುವ ಶಾಸನಗಳ ಮೇಲಲ್ಲ, ವರ್ಷ ವರ್ಷವೂ ಅದೇ ಕೆಲಸವನ್ನು ಬೇಸರವಿಲ್ಲದೆ ಬರೆದಿಟ್ಟ ಲೆಕ್ಕಪತ್ರಗಳ ಮೇಲೆ. ಹಳೆಯ ದಾಖಲೆಗಳನ್ನು ನಂಬದವರು ಹೇಳುವ ಬಲವಾದ ಮಾತು ಒಂದಿದೆ. ಜನ ಬರೆಯುವುದು ವಿಪತ್ತನ್ನು ಮಾತ್ರ, ಒಳ್ಳೆಯ ಮಳೆಯ ವರ್ಷ ಯಾರೂ ಲೇಖನಿ ಹಿಡಿಯುವುದಿಲ್ಲ, ಆದ್ದರಿಂದ ದಾಖಲೆಗಳಿಂದ ಕಟ್ಟಿದ ಗತಕಾಲ ಇದ್ದದ್ದಕ್ಕಿಂತ ಹೆಚ್ಚು ಒಣಗಿ ಕಾಣುತ್ತದೆ. ಮಾತು ಸರಿ. ಚರಿತ್ರೆಗ್ರಂಥಗಳಿಗೆ, ಕೈಫಿಯತ್ತುಗಳಿಗೆ ಇದು ಪೂರ್ತಿ ಅನ್ವಯಿಸುತ್ತದೆ. ಆದರೆ ವರ್ಷವರ್ಷದ ಕಂದಾಯ ಗೊತ್ತುಮಾಡುವ ಜಮಾಬಂದಿಗೆ ಅನ್ವಯಿಸುವುದಿಲ್ಲ. ಬೆಳೆ ಬಂದರೂ ಬರದಿದ್ದರೂ ಜಮಾಬಂದಿ ನಡೆಯಲೇಬೇಕು, ಎಷ್ಟು ಸಾಗುವಳಿ, ಎಷ್ಟು ಬೀಳು, ಎಷ್ಟು ಮಾಫಿ ಎಂದು ಬರೆಯಲೇಬೇಕು. ಅದರಲ್ಲೂ ಬಟಾಯಿ ಪದ್ಧತಿ ಇದ್ದ ಕಾಲದ ಲೆಕ್ಕ ಇನ್ನೂ ಚೆನ್ನ. ಆಗ ಸರ್ಕಾರದ ಪಾಲು ಕಣದಲ್ಲಿ ಅಳೆದ ಧಾನ್ಯದಲ್ಲೇ ಬರುತ್ತಿತ್ತು, ಅಂದರೆ ಕಣಜದ ಲೆಕ್ಕವೇ ಸುಗ್ಗಿಯ ಲೆಕ್ಕ. 1863ರಲ್ಲಿ ಮೈಸೂರಿನಲ್ಲಿ ಮುಂಬಯಿ ಮಾದರಿಯ ಕಂದಾಯ ಸರ್ವೆ ಶುರುವಾಗಿ ಮೂವತ್ತು ವರ್ಷಕ್ಕೆ ಒಂದೇ ದರ ನಿಗದಿಯಾದ ಮೇಲೆ ಕಂದಾಯಕ್ಕೂ ಆ ವರ್ಷದ ಮಳೆಗೂ ಇದ್ದ ನಂಟು ಕಡಿದುಹೋಯಿತು. ಆಡಳಿತ ಸುಧಾರಿಸಿತು, ಮಳೆಮಾಪಕ ಕೆಟ್ಟಿತು. ಈ ಗಡಿಯನ್ನು ಗಮನಿಸದೆ ಎರಡೂ ಕಾಲದ ಮಾಫಿಯ ಅಂಕಿಗಳನ್ನು ಒಂದೇ ಗೆರೆಯಲ್ಲಿ ಎಳೆದರೆ 1863ರ ನಂತರ ಬರವೇ ಕಡಿಮೆಯಾಯಿತೆಂಬ ಸುಳ್ಳು ಸಮಾಧಾನ ಹುಟ್ಟುತ್ತದೆ.

ಆ ಹಳೆಯ ಲೆಕ್ಕ ಬರೆಯುತ್ತಿದ್ದ ಕಡತವನ್ನೊಮ್ಮೆ ಹತ್ತಿರದಿಂದ ನೋಡಬೇಕು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಎರಡೂ ತುದಿಗೆ ಹಲಗೆ ಕಟ್ಟುತ್ತಿದ್ದರು. ಕಪ್ಪು ಮೈಮೇಲೆ ಬೆಳ್ಳನೆಯ ಬಳಪದಲ್ಲಿ ಬರಹ. ಒರೆಸಬಹುದು, ಮತ್ತೆ ಬರೆಯಬಹುದು, ಬಟ್ಟೆ ಹಾಳಾಗದು. ಹವಾಮಾನದ ದೃಷ್ಟಿಯಿಂದ ಈ ಅನುಕೂಲವೇ ಶಾಪ. ಮಾಮೂಲಿ ವರ್ಷದ ಲೆಕ್ಕ ತೀರಿದೊಡನೆ ಒರೆಸಿ ಅದರ ಮೇಲೆ ಮುಂದಿನದನ್ನು ಬರೆಯಬಹುದಿತ್ತು. ತಕರಾರು, ಬಾಕಿ, ಮಾಫಿ ಇದ್ದದ್ದನ್ನು ಉಳಿಸಿಕೊಳ್ಳುವ ಅಗತ್ಯವಿತ್ತು. ಅಂದರೆ ವಿಪತ್ತಿನ ಕಡೆಗಿನ ಒಲವು ಬರೆಯುವಾಗ ಇಲ್ಲದಿದ್ದರೂ ಉಳಿಸುವಾಗ ನುಸುಳಬಹುದು. ಸರಣಿ ಕಡಿಯದೆ ಸಿಕ್ಕ ಕಡೆ ಮಾತ್ರ ಮೌನವನ್ನು ‘ಮಳೆ ಚೆನ್ನಾಗಿತ್ತು’ ಎಂದು ಓದಬೇಕು, ನಡುವೆ ವರ್ಷಗಳೇ ಇಲ್ಲದ ಕಡೆ ಮೌನಕ್ಕೆ ಯಾವ ಅರ್ಥವನ್ನೂ ಹಚ್ಚಬಾರದು.

ಕುದಾಪುರದ ನೆಲಕ್ಕೇ ಅಂಟಿಕೊಂಡ ಇನ್ನೊಂದು ದಾಖಲೆಯ ಹೊಳೆ ಅಮೃತಮಹಲ್ ಖಾತೆಯದು. ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. 1799ರ ನಂತರ ಅದು ಇಂಗ್ಲಿಷರ ಸೈನ್ಯಕ್ಕೆ ಫಿರಂಗಿ ಎಳೆಯುವ ಎತ್ತು ಒದಗಿಸುವ ಖಾತೆಯಾಯಿತು. ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಹಿಂಡು ಒಂದರಿಂದ ಇನ್ನೊಂದಕ್ಕೆ ಹೋಗುವುದು ಅಧಿಕಾರಿಯ ತಾರೀಖು ನೋಡಿಯಲ್ಲ, ಹುಲ್ಲು ಚಿಗುರಿದ್ದನ್ನು ನೋಡಿ, ಹೊಂಡದಲ್ಲಿ ನೀರು ನಿಂತಿದ್ದನ್ನು ನೋಡಿ. ಹುಲ್ಲಿಗೆ ಪೇಟೆಯ ದರದ ಹಂಗಿಲ್ಲ, ಬಡ್ಡಿಯವನ ಹಂಗಿಲ್ಲ. ಮಳೆಯಾದ ಎರಡು ವಾರದೊಳಗೆ ಚಿಗುರುತ್ತದೆ, ಇಲ್ಲದಿದ್ದರೆ ಇಲ್ಲ. ಐದು ಮೆಟ್ಟಿಲಿನಲ್ಲಿ ಇದು ಮೊದಲನೆಯದಕ್ಕೆ ತೀರಾ ಹತ್ತಿರ. ಹಾಗಾಗಿ ದನ ಕದಲಿದ ದಿನ, ಕರು ಸತ್ತ ಸಂಖ್ಯೆ, ಮೇವು ಕೊಂಡ ಖರ್ಚು ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ ಮಳೆಯ ಲೆಕ್ಕ ಇದೆ. ಇದರಲ್ಲೂ ತೂತುಗಳಿವೆ. ಖರ್ಚು ಉಳಿಸಲು 1860ರಲ್ಲಿ ಹಿಂಡನ್ನೇ ಮಾರಿ ಖಾತೆ ಮುಚ್ಚಿದರು, ಎತ್ತು ಸಿಗದೆ ಪರದಾಡಿ 1866ರಲ್ಲಿ ಮತ್ತೆ ತೆರೆದರು. ದನದ ರೋಗ ಬಂದ ವರ್ಷದ ಸಾವನ್ನು ಬರದ ಸಾವಿನಿಂದ ಬೇರ್ಪಡಿಸಬೇಕು. ಇಷ್ಟಾದರೂ, ಹವಾಮಾನ ವೀಕ್ಷಣಾಲಯ ನಿಂತಿರುವ ಕಾವಲಿನಲ್ಲೇ ಒಂದು ಕಾಲಕ್ಕೆ ದನಗಾಹಿಯ ಕಣ್ಣೇ ವೀಕ್ಷಣಾಲಯವಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ಮರದ ಉಂಗುರಗಳಿವೆ, ಗುಹೆಯೊಳಗೆ ಬೆಳೆಯುವ ಸುಣ್ಣದ ಕಂಬಗಳಿವೆ, ಇಷ್ಟೆಲ್ಲ ಅನುಮಾನದ ಕಾಗದದ ಗೋಜೇಕೆ ಎಂದು ವಿಜ್ಞಾನಿಗಳು ಕೇಳಬಹುದು. ಕೇರಳದ ತೇಗದ ಮರಗಳಿಂದ ಐನೂರಕ್ಕೂ ಹೆಚ್ಚು ವರ್ಷಗಳ ಸರಣಿ ಸಿಕ್ಕಿದೆ, ಛತ್ತೀಸಗಢದ ದಂಡಕ್ ಗುಹೆಯಿಂದ ಮಧ್ಯಯುಗದ ಮುಂಗಾರಿನ ಏರಿಳಿತ ತಿಳಿದಿದೆ. ಅವು ಬೆಲೆಯುಳ್ಳವು, ಮೇಲೆ ಡೋಗಿ ಬರಕ್ಕೆ ನಾನೇ ಅಂಥ ಸಾಕ್ಷಿ ಕರೆದಿದ್ದೇನೆ. ಆದರೆ ಕೇರಳದ ತೇಗ ಕುಡಿಯುವ ಮಳೆ ಚಳ್ಳಕೆರೆಯ ಜಾಲಿ ಕುಡಿಯುವ ಮಳೆಯಲ್ಲ. ಇಲ್ಲಿ ವರ್ಷದ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮರಕ್ಕೆ ವರ್ಷ ಗೊತ್ತು, ಗುಹೆಗೆ ಅದೂ ಸರಿಯಾಗಿ ಗೊತ್ತಿಲ್ಲ. ಉತ್ತರೆ ಹೋಗಿ ಹಸ್ತಾ ಬಂತು ಎಂದು ಹೇಳಬಲ್ಲದ್ದು ಕಾಗದ ಒಂದೇ. ಎಲ್ ನಿನೊ ಇತ್ತು ಎಂದೊಡನೆ ಇಲ್ಲಿ ಬರ ಇತ್ತು ಎಂದು ಊಹಿಸುವುದೂ ಅಷ್ಟೇ ಅಪಾಯ. 1877ರ ಎಲ್ ನಿನೊ ದಾಖಲಾದವುಗಳಲ್ಲೇ ಭಾರಿಯದು, ಆದರೆ ದಕ್ಷಿಣದ ಮಳೆ ತಪ್ಪಿದ್ದು ಅದು ಬಲಿಯುವ ಮೊದಲೇ, 1876ರಲ್ಲಿ. ಎರಡು ಸಂವತ್ಸರ ಚಕ್ರ ಉರುಳಿ ಮತ್ತೆ ಈಶ್ವರ ಸಂವತ್ಸರ ಬಂದಾಗ, 1997ರಲ್ಲಿ, ಅದೇ ಮಟ್ಟದ ಎಲ್ ನಿನೊ ಬಂತು. ಆ ವರ್ಷ ದೇಶದ ಮುಂಗಾರು ಮಾಮೂಲಿಯಾಗಿಯೇ ಸುರಿಯಿತು. ದೂರದ ಸಾಗರವನ್ನು ನೋಡಿ ಊರಿನ ಮಳೆ ಹೇಳಲಾಗದು.

ಬೆಳೆ ಬದಲಾದದ್ದು ಇನ್ನೊಂದು ತೊಡಕು, ಮತ್ತು ನನ್ನ ಅಂದಾಜಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು. ಚಳ್ಳಕೆರೆ ಇಂದು ಶೇಂಗಾ ಮತ್ತು ಎಣ್ಣೆ ಗಿರಣಿಗಳ ಊರು. ಶೇಂಗಾ ಈ ನೆಲವನ್ನು ಆವರಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೂ ಮೊದಲು ಇಲ್ಲಿ ನವಣೆ, ಸಾಮೆ, ಹುರುಳಿ, ಸಜ್ಜೆ. ಕಾಯಿ ಕಟ್ಟುವ ಹೊತ್ತಿಗೆ ಒಂದು ಮಳೆ ತಪ್ಪಿದರೆ ಶೇಂಗಾದವನ ಬಂಡವಾಳವೇ ಮುಳುಗುತ್ತದೆ. ಅಷ್ಟೇ ಮಳೆಯಲ್ಲಿ ಸಾಮೆಯವನು ಅರ್ಧ ಬೆಳೆಯನ್ನಾದರೂ ಮನೆಗೆ ತಂದಿರುತ್ತಿದ್ದ. ಆದ್ದರಿಂದ 1790ರ ದಾಖಲೆಯಲ್ಲಿ ‘ಪೈರು ಹೋಯಿತು’ ಎಂದಿದ್ದರೆ ಅಲ್ಲಿ ಮಳೆಯ ಕೊರತೆ ಇಂದಿನ ‘ಬೆಳೆ ಹಾನಿ’ಗಿಂತ ಬಹಳ ಹೆಚ್ಚು ಇದ್ದಿರಬೇಕು. ಇದನ್ನು ಅಂದಾಜಿಗೆ ಬಿಡಬೇಕಿಲ್ಲ. ಮಳೆಮಾಪಕವೂ ಇದ್ದ, ಹಳೆಯ ಧಾನ್ಯಗಳೂ ಇದ್ದ ಕಾಲ ಒಂದಿದೆ, 1870ರ ದಶಕದಿಂದ ಶೇಂಗಾ ಹಬ್ಬುವವರೆಗೆ. ಆ ವರ್ಷಗಳಲ್ಲಿ ಎಷ್ಟು ಅಂಗುಲ ಮಳೆಗೆ ತಾಲ್ಲೂಕಿನ ಅಮಲ್ದಾರ ‘ಮಧ್ಯಮ’ ಎಂದ, ಎಷ್ಟಕ್ಕೆ ‘ಪೂರ್ತಿ ನಷ್ಟ’ ಎಂದ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವನ ಮಾತಿನ ತೂಕ ತಿಳಿಯುತ್ತದೆ. ಅದೇ ತೂಕವನ್ನು ಹಿಂದಿನ ಶಾನುಭೋಗರ ಮಾತಿಗೂ ಹಾಕಬಹುದು. ಗಡಿಯಾಚೆಯ ಬಳ್ಳಾರಿ ಇದಕ್ಕೆ ಒಳ್ಳೆಯ ಜೊತೆ. 1800ರಿಂದ ಅದು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಆಡಳಿತದ ಕೈಲಿತ್ತು, ಥಾಮಸ್ ಮನ್ರೋ ಅಲ್ಲಿ ರೈತವಾರಿ ಲೆಕ್ಕವನ್ನು ನೆಲೆಗೊಳಿಸಿದ, 1810ರಿಂದ ಅಲ್ಲಿ ಲಂಡನ್ ಮಿಷನ್ನಿನ ಪಾದ್ರಿಗಳಿದ್ದರು. ಮೊಳಕಾಲ್ಮುರಿನ ಮೇಲೆ ತೇಲುವ ಮೋಡ ಮೈಸೂರು, ಮದರಾಸು ಎಂದು ಗಡಿ ನೋಡಿ ನಿಲ್ಲುತ್ತಿರಲಿಲ್ಲ. ಎರಡು ಆಡಳಿತಗಳ, ಎರಡು ಬಗೆಯ ಚಿಂತೆಯ ದಾಖಲೆಗಳು ಒಂದೇ ವರ್ಷ ಒಂದೇ ಮಾತು ಹೇಳಿದರೆ ಅದು ಮೋಡದ ಮಾತೇ.

ಭೂಮಿಯ ಬಿಸಿಯೇ ಏರುತ್ತಿರುವಾಗ ಇನ್ನೂರು ವರ್ಷದ ಹಿಂದಿನ ಮಳೆ ಕಟ್ಟಿಕೊಂಡು ಆಗಬೇಕಾದ್ದೇನು ಎಂಬ ಪ್ರಶ್ನೆಗೆ ಹಿರಿಯೂರಿನ ಮಾರಿಕಣಿವೆ ಉತ್ತರ ಹೇಳುತ್ತದೆ. ಅಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ ಸಾಮರ್ಥ್ಯ 30 ಟಿಎಂಸಿ, ಪೂರ್ಣ ಮಟ್ಟ 130 ಅಡಿ. ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಸಲ 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ. ಮೂರನೆಯ ಸಲ 2025ರ ಜನವರಿಯಲ್ಲಿ. ಬರಿಯ ಈ ಮೂರು ದಿನಾಂಕ ನೋಡಿದವರು ಮಳೆ ದಿಢೀರನೆ ಹೆಚ್ಚಾಯಿತೆಂದು ತೀರ್ಮಾನಿಸಬಹುದು. ಆದರೆ 2019ರಿಂದ ಭದ್ರೆಯ ನೀರನ್ನೂ ಈ ಜಲಾಶಯಕ್ಕೆ ಹರಿಸಲಾಗುತ್ತಿದೆ. 1933ರ ಕೋಡಿ ಪೂರ್ತಿ ವೇದಾವತಿಯದು, 2022ರದ್ದರಲ್ಲಿ ಭದ್ರೆಯೂ ಪಾಲುದಾರಳು. ಇನ್ನೂರು ವರ್ಷ ಕಳೆದು ಯಾರಾದರೂ ನಮ್ಮ ಪತ್ರಿಕೆಗಳನ್ನು ತೆರೆದು ಈ ಸೀಮೆಯ ಮಳೆ ಲೆಕ್ಕಹಾಕಲು ಕುಳಿತರೆ, ದೊಡ್ಡೇರಿಯ ಹಸಿವಿನಷ್ಟೇ ಸುಲಭವಾಗಿ ಮೋಸಹೋಗಬಹುದಾದ ದಾಖಲೆ ಇದು. ಇನ್ನು ಯೋಜನೆಯ ಮಾತು: ನೂರು ವರ್ಷ ದಾಟಿದ ಅಣೆಕಟ್ಟೊಂದು ತನ್ನ ಸ್ವಂತ ನದಿಯ ನೀರಿನಿಂದಲೇ ತುಂಬಿ ಹರಿದದ್ದು ಒಮ್ಮೆ. ಮೇಲಿನ ಕೆರೆಕಟ್ಟೆಗಳು ಹಿಡಿದುಕೊಂಡ ನೀರಿನ ಪಾಲನ್ನು ಬಿಟ್ಟುಕೊಟ್ಟರೂ, ಕಟ್ಟುವ ಹೊತ್ತಿಗೆ ಕೈಯಲ್ಲಿದ್ದ ಎರಡು ಮೂರು ದಶಕದ ಮಳೆಯ ಅಂಕಿಯಿಂದ ವೇದಾವತಿಯ ಸ್ವಭಾವ ಗೊತ್ತಾಗುವಂತಿರಲಿಲ್ಲ. ಈಗ ಚಳ್ಳಕೆರೆಯಲ್ಲಿ ಸಾವಿರಾರು ಎಕರೆಯ ಸಂಸ್ಥೆಗಳು ಎದ್ದಿವೆ, ಅವುಗಳ ನೀರೂ ಇದೇ ಜಲಾಶಯವನ್ನು ನೆಚ್ಚಿಕೊಂಡಿದೆ. ಬಿಸಿಯೇರಿದ ಭೂಮಿಯಲ್ಲಿ ಮುಂದಿನ ಮಳೆ ಹೇಗಿರುತ್ತದೆಂದು ಗಣಕಯಂತ್ರದ ಮಾದರಿಗಳು ಹೇಳುತ್ತವೆ; ಆದರೆ ಭೂಮಿ ಬಿಸಿಯೇರುವ ಮೊದಲೇ ಸತತ ನಾಲ್ಕು ವರ್ಷ ಮಳೆ ತಪ್ಪಬಲ್ಲ ಸೀಮೆಯೇ ಇದು ಎಂಬುದು ಮಾದರಿಗೆ ಗೊತ್ತಿರಬೇಕಾದರೆ ಡೋಗಿ ಬರದ ಲೆಕ್ಕವನ್ನು ಅದಕ್ಕೆ ಯಾರಾದರೂ ಉಣಿಸಿರಬೇಕು. ಆ ಲೆಕ್ಕ ಇರುವುದು ಕನ್ನಡದ ಹಳೆಯ ಮೋಡಿ ಅಕ್ಷರದಲ್ಲಿ, ಪಾರಸಿಯಲ್ಲಿ, ಮರಾಠಿ ಮೋಡಿಯಲ್ಲಿ, ಕಂಪನಿಯ ಗುಮಾಸ್ತರ ಓರೆ ಇಂಗ್ಲಿಷಿನಲ್ಲಿ. ಇವನ್ನು ಓದಬಲ್ಲವರಿಗೆ ಮಳೆಯ ಗಣಿತ ಬರುವುದಿಲ್ಲ, ಗಣಿತ ಬಲ್ಲವರಿಗೆ ಈ ಲಿಪಿಗಳು ಬರುವುದಿಲ್ಲ. ಕುದಾಪುರದ ಆವರಣದಲ್ಲಿ ಈ ಇಬ್ಬರಿಗೂ ಒಂದು ಮೇಜು ಹಾಕಿಸುವ ಖರ್ಚು, ಅಲ್ಲಿನ ಒಂದು ಯಂತ್ರದ ಬೆಲೆಗಿಂತ ಕಡಿಮೆಯೇ.